ಪ್ಯಾಕಿಂಗ್ ಹೊಸದು, ಆಯಿಲ್ ಸೋರಿಕೆ ಮಾತ್ರ ಹಳೆಯದು

ಪ್ರಶ್ನೆ: ನನ್ನ 100 ಸಿಸಿ ಬೈಕಿನ ಕ್ಲಚ್ ಕವರಿನ ಕೆಳಗಿಂದ ಆಯಿಲ್ ಜಿನುಗುತ್ತದೆ. ಎರಡು ಸಲ ಪ್ಯಾಕಿಂಗ್ (ಗ್ಯಾಸ್ಕೆಟ್) ಬದಲಾಯಿಸಿ, ಗಮ್ಮನ್ನೂ ಹಚ್ಚಿಸಿದ್ದಾಯಿತು. ಕವರನ್ನೇ ಹೊಸದು ಹಾಕಿಸಬೇಕೇ?
– ಓದುಗರು, ರಾಣೆಬೆನ್ನೂರು

ಉತ್ತರ: ಅವಸರ ಬೇಡ. ಮೊದಲು ಸೋರುವ ಜಾಗ ಖಚಿತವಾಗಲಿ. ಎಂಜಿನ್ ತೊಳೆದು ಒಣಗಿಸಿ, ಕವರಿನ ಅಂಚಿಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ. ಪೌಡರ್ ಮೊದಲು ಒದ್ದೆಯಾಗುವುದು ಕಿಕ್ ಶಾಫ್ಟಿನ ಸುತ್ತ ಎಂದಾದರೆ ತಪ್ಪು ಆಯಿಲ್ ಸೀಲಿನದು (ಶಾಫ್ಟಿನ ಸುತ್ತಲಿನ ರಬ್ಬರ್ ಉಂಗುರ), ಪ್ಯಾಕಿಂಗಿನದಲ್ಲ. ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಒಳಗಿನ ಒತ್ತಡಕ್ಕೆ ಆಯಿಲ್ ಹೊರಬರುತ್ತದೆ.

ಅಂಚಿನಲ್ಲೇ ಸೋರುತ್ತಿದ್ದರೆ ಕವರಿನ ಫೇಸ್, ಅಂದರೆ ಪ್ಯಾಕಿಂಗ್ ಕೂರುವ ಚಪ್ಪಟೆ ಮೈ, ಹಾಳಾಗಿದೆ. ಸ್ಕ್ರೂಡ್ರೈವರ್ ತೂರಿಸಿ ಕವರ್ ಎಬ್ಬಿದ ಗಾಯ ಒಂದು ಕಾರಣ. ಬೋಲ್ಟ್ ಅತಿಯಾಗಿ ಬಿಗಿದು ತೂತಿನ ಸುತ್ತ ಅಲ್ಯೂಮಿನಿಯಂ ಉಬ್ಬಿಕೊಳ್ಳುವುದು ಇನ್ನೊಂದು. ಉಬ್ಬಿದ ಕಡೆ ಮಾತ್ರ ಪ್ಯಾಕಿಂಗ್ ಒತ್ತಿಕೊಳ್ಳುತ್ತದೆ, ಎರಡು ಬೋಲ್ಟ್‌ಗಳ ನಡುವೆ ಸಡಿಲ ಉಳಿಯುತ್ತದೆ. ಎಷ್ಟು ಗಮ್ ಹಚ್ಚಿದರೂ ಇದು ಸರಿಹೋಗದು.

ಆಯಿಲ್ ಇಳಿಸಿ ಕವರ್ ಬಿಚ್ಚಿ. ಬೋಲ್ಟ್‌ಗಳ ಉದ್ದ ಬೇರೆಬೇರೆ ಇರುವುದರಿಂದ, ರಟ್ಟಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್ ತೆಗೆದು ಫೇಸಿನ ಮೇಲೆ ಮಾರ್ಕರ್‌ನಿಂದ ಅಡ್ಡಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ 320 ನಂಬರಿನ ವಾಟರ್ ಪೇಪರ್ ಹಾಸಿ, ಸ್ವಲ್ಪ ಡೀಸೆಲ್ ಬಿಟ್ಟು, ಕವರನ್ನು 8ರ ಆಕಾರದಲ್ಲಿ ಹಗುರವಾಗಿ ಉಜ್ಜಿ. ನಾಲ್ಕೈದು ಸುತ್ತಿಗೇ ಉಬ್ಬಿದ ಕಡೆ ಲೋಹ ಹೊಳೆಯುತ್ತದೆ, ತಗ್ಗಿನಲ್ಲಿ ಮಾರ್ಕರ್ ಹಾಗೇ ಉಳಿಯುತ್ತದೆ. ಗೆರೆ ಪೂರ್ತಿ ಅಳಿದ ಕೂಡಲೇ ನಿಲ್ಲಿಸಿ. ಆಳದ ಗಾಯವಿದ್ದರೆ ಆಯಿಲ್ ತಡೆಯುವ ಮೆಟಲ್ ಎಪಾಕ್ಸಿ ತುಂಬಿ, ಒಂದು ದಿನ ಬಿಟ್ಟು ಮತ್ತೆ ಉಜ್ಜಿ. ಗಾಯ ಅಂಚು ಸೀಳಿದ್ದರೆ ಆರ್ಗಾನ್ ವೆಲ್ಡಿಂಗೇ ಸರಿ.

ಎಂಜಿನ್ ಕಡೆಯ ಫೇಸಿಗೆ ಪವರ್ ಟೂಲ್ ಮುಟ್ಟಿಸಬೇಡಿ, ಅದರ ಎಮರಿ ಪುಡಿ ಒಳಗೆ ಬಿದ್ದು ಬೇರಿಂಗ್ ತಿನ್ನುತ್ತದೆ. ಒಳಗೆ ಬಟ್ಟೆ ತುರುಕಿ, ಚಪ್ಪಟೆ ಆಯಿಲ್ ಸ್ಟೋನಿನಿಂದ (ಸಾಣೆಕಲ್ಲು) ಉಬ್ಬನ್ನಷ್ಟೇ ಇಳಿಸಿ. ಬೋಲ್ಟ್ ತೂತಿನ ತಳದಲ್ಲಿ ಆಯಿಲ್ ನಿಂತಿರಬಾರದು. ಅದರ ಮೇಲೆ ಬೋಲ್ಟ್ ಬಿಗಿದರೆ ಕೇಸ್ ಬಿರುಕು ಬಿಡಬಹುದು. ಕೊನೆಗೆ ಎರಡೂ ಫೇಸ್ ಥಿನ್ನರ್‌ನಿಂದ ಒರೆಸಿ.

ಹೊಸ ಪ್ಯಾಕಿಂಗಿಗೆ ಗಮ್ ಬೇಕೇ ಎಂದರೆ, ರಿಪೇರಿ ಮಾಡಿದ ಜಾಗದಲ್ಲಿ ಬೆರಳಿನಿಂದ ತೆಳ್ಳಗೆ ಸವರಿದಷ್ಟು ಸಾಕು. ಹೆಚ್ಚಾದದ್ದು ಒಳಗೆ ಉದುರಿ ತಳದ ಆಯಿಲ್ ಜಾಲರಿಗೆ ಅಡ್ಡ ಕೂರುತ್ತದೆ. ಆಗ ಪಂಪಿಗೆ ಆಯಿಲ್ ಸಾಲದೆ ಮೇಲೆ ವಾಲ್ವ್ ತೆರೆಯುವ ಕ್ಯಾಮ್, ರಾಕರ್ ಸವೆಯುತ್ತವೆ. ಸೋರಿಕೆಗಿಂತ ದೊಡ್ಡ ಖರ್ಚು ಅದು! ಎಲ್ಲ ಬೋಲ್ಟ್ ಕೈಯಲ್ಲಿ ತಿರುಗಿಸಿ ಕೂರಿಸಿ, ಆಮೇಲೆ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 6 ಎಂಎಂ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಗಮ್ ಹಚ್ಚಿದ್ದರೆ ರಾತ್ರಿಯಿಡೀ ಬಿಟ್ಟು ಆಯಿಲ್ ತುಂಬಿ.

ಪ್ರಶ್ನೆ: ಪ್ಯಾಕಿಂಗ್ ಬಿಟ್ಟು ಬರೀ ಸಿಲಿಕಾನ್ ಗಮ್ ಹಚ್ಚಬಹುದೇ?
– ಓದುಗರು, ತಿಪಟೂರು

ಉತ್ತರ: ಕಂಪನಿಯೇ ಪ್ಯಾಕಿಂಗ್ ಇಲ್ಲದೆ ಜೋಡಿಸಿದ ಕಡೆ ಮಾತ್ರ, ಹಲವು ಕಾರುಗಳ ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಹಾಗಿರುತ್ತದೆ. ಅಲ್ಲಿ 2–3 ಎಂಎಂ ದಪ್ಪದ ಒಂದೇ ಎಳೆ, ಬೋಲ್ಟ್ ತೂತಿನ ಒಳಬದಿಯಿಂದ ಸಾಗಲಿ. ಪೇಪರ್ ಪ್ಯಾಕಿಂಗ್ ಇದ್ದಲ್ಲಿ ಅದನ್ನು ಬಿಟ್ಟರೆ ಅದರ ದಪ್ಪದಷ್ಟು ಕವರ್ ಒಳಗೆ ಸರಿದು, ಶಾಫ್ಟ್ ಹಿಡಿದುಕೊಳ್ಳಬಹುದು. ವಿನಿಗರ್ ವಾಸನೆಯ ಬಾತ್‌ರೂಮ್ ಸಿಲಿಕಾನ್ ಎಂಜಿನ್‌ಗೆ ಬೇಡವೇ ಬೇಡ: ಅದರ ಆಮ್ಲ ಅಲ್ಯೂಮಿನಿಯಂ ತಿನ್ನುತ್ತದೆ, ಬಿಸಿ ಆಯಿಲಿಗೆ ಅದು ಉಬ್ಬಿ ಕಿತ್ತು ಬರುತ್ತದೆ.