ಅತಿ ಕಡಿಮೆ ದರದ ಕೊಟೇಶನ್ ನಿಯಮವಿದ್ದರೂ ಪರಿಸರಸ್ನೇಹಿ ಖರೀದಿ ಸಾಧ್ಯವೇ?

ಮಂಗಳೂರಿನ ನಿಮ್ಮ ಸಹಕಾರ ಸಂಘದ ಆಡಳಿತ ಮಂಡಳಿಯು ಇನ್ನು ಮುಂದೆ ಪರಿಸರಸ್ನೇಹಿ ವಸ್ತುಗಳನ್ನೇ ಕೊಳ್ಳಬೇಕೆಂದು ನಿರ್ಣಯಿಸಿದೆ, ಆದರೆ ಅತಿ ಕಡಿಮೆ ದರದ ಕೊಟೇಶನ್ನನ್ನೇ ಒಪ್ಪಬೇಕೆಂಬ ನಿಯಮವೂ ಇರುವುದರಿಂದ ಎರಡನ್ನೂ ಪಾಲಿಸುವುದು ಹೇಗೆ ಎಂದು ಕೇಳಿದ್ದೀರಿ. ಉಡುಪಿಯ ಶಿಕ್ಷಣ ಸಂಸ್ಥೆಯೊಂದರ ಖರೀದಿ ವಿಭಾಗದಲ್ಲಿರುವ ನನ್ನ ಅಭಿಪ್ರಾಯದಲ್ಲಿ ನಿಯಮವನ್ನು ತಿದ್ದುವ ಅಗತ್ಯವಿಲ್ಲ. ಪರಿಸರದ ಷರತ್ತುಗಳನ್ನು ದರ ಕರೆಯುವ ಮೊದಲೇ ವಸ್ತುವಿನ ವಿವರಣೆಯಲ್ಲಿ ಸೇರಿಸಿದರೆ ಸಾಕು. ಲಕೋಟೆ ಒಡೆದ ಮೇಲೆ ಪರಿಸರದ ಹೆಸರು ಹೇಳಿ ದುಬಾರಿಯದನ್ನು ಆರಿಸಿದರೆ ಲೆಕ್ಕಪರಿಶೋಧಕರು ಆಕ್ಷೇಪಿಸುತ್ತಾರೆ, ಆಕ್ಷೇಪಿಸಲೂಬೇಕು.

ಸೀಲಿಂಗ್ ಫ್ಯಾನನ್ನೇ ನೋಡಿ. ‘1200 ಮಿ.ಮೀ. ಫ್ಯಾನ್’ ಎಂದಷ್ಟೇ ಬರೆದರೆ ಕಡಿಮೆ ನಕ್ಷತ್ರದ, ಅಂದರೆ ಹೆಚ್ಚು ವಿದ್ಯುತ್ ಬಳಸುವ, ಅಗ್ಗದ ಮಾದರಿಯೇ ಗೆಲ್ಲುತ್ತದೆ; ಈ ನಕ್ಷತ್ರಗಳು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯಾದ ಬಿಇಇಯ ಗುರುತುಗಳು. ‘ಬಿಎಲ್‌ಡಿಸಿ ಮೋಟಾರು, 35 ವ್ಯಾಟ್ ಮೀರಬಾರದು, ಬಿಇಇ ಐದು ನಕ್ಷತ್ರ’ ಎಂದು ಬರೆದರೆ ಸ್ಪರ್ಧೆ ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಅಂಥ ಮೋಟಾರಿನ ಫ್ಯಾನುಗಳ ನಡುವೆಯೇ ನಡೆಯುತ್ತದೆ, ಅಗ್ಗದ್ದನ್ನು ಆರಿಸುವ ನಿಯಮವೂ ಉಳಿಯುತ್ತದೆ. ಮಂಡಳಿಗೆ ಲೆಕ್ಕ ತೋರಿಸುವುದೂ ಕಷ್ಟವಲ್ಲ: ಡಿಸೆಂಬರಿನಲ್ಲೂ ಸೆಕೆ ಬಿಡದ ನಮ್ಮ ಕರಾವಳಿಯಲ್ಲಿ ಕಚೇರಿಯ ಫ್ಯಾನು ವರ್ಷಕ್ಕೆ 3000 ಗಂಟೆ ತಿರುಗಿದರೆ, ಹಳೆಯ 75 ವ್ಯಾಟಿನ ಫ್ಯಾನಿಗಿಂತ 120 ಯೂನಿಟ್ ಉಳಿಯುತ್ತದೆ, ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ಅದು 960 ರೂಪಾಯಿ.

ಮಹಾಸಭೆಯ ಊಟಕ್ಕೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ತರುವಂತೆಯೇ ಇಲ್ಲ. 2022ರ ಜುಲೈ 1ರಿಂದ ಅವು ದೇಶದಾದ್ಯಂತ ನಿಷಿದ್ಧ. ಅಡಿಕೆ ತೋಟಗಳ ನಾಡಿನಲ್ಲಿ ಹಾಳೆ ತಟ್ಟೆಗೆ ಬರವಿಲ್ಲವಾದರೂ, ಮಹಾಸಭೆಗಳು ಹೆಚ್ಚಾಗಿ ಮಳೆ ಬಿಡದ ಸೆಪ್ಟೆಂಬರಿನಲ್ಲೇ ನಡೆಯುವುದರಿಂದ ಗೋದಾಮಿನಲ್ಲಿಟ್ಟ ತಟ್ಟೆಗಳಿಗೆ ಬೂಸು ಹಿಡಿಯುತ್ತದೆ. ಆದ್ದರಿಂದ ವರ್ಷಕ್ಕೆ ಬೇಕಾದಷ್ಟನ್ನು ಒಮ್ಮೆಲೇ ತರಿಸದೆ, ಕಂತುಗಳಲ್ಲಿ ಪೂರೈಸಬೇಕು, ಕಪ್ಪು ಚುಕ್ಕೆಯಿರುವ ಕಟ್ಟನ್ನು ಹಿಂದಕ್ಕೆ ಪಡೆಯಬೇಕು ಎಂದು ಬರೆಯಿರಿ. ಮಾದರಿ ತಟ್ಟೆಗೆ ಬಿಸಿ ಸಾರು ಹೊಯ್ದು ಅರ್ಧ ಗಂಟೆ ಮೇಜಿನ ಮೇಲೆ ಇಡಿ. ತೆಳು ಹಾಳೆಯದಾದರೆ ಅಡಿಯಲ್ಲಿ ಪಸೆ ಕಾಣಿಸುತ್ತದೆ.

‘ಬಯೋಡಿಗ್ರೇಡೆಬಲ್’ ಎಂದು ಮುದ್ರಿಸಿದ ಚೀಲಗಳನ್ನು ಮಾತ್ರ ನಾನು ಸುಲಭವಾಗಿ ನಂಬುವುದಿಲ್ಲ. ಕಾಂಪೋಸ್ಟೆಬಲ್ (ಕೊಳೆತು ಗೊಬ್ಬರವಾಗುವ) ಚೀಲದ ತಯಾರಕರಿಗೆ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಲೇಬೇಕು; ಅದರ ಪ್ರತಿಯನ್ನು ಕೊಟೇಶನ್ನಿನ ಜೊತೆಗೇ ಕೇಳಿ. ಕಾಗದದ ವಿಷಯದಲ್ಲಿ, ಎರಡೂ ಬದಿಗೆ ಮುದ್ರಿಸುವ ಪ್ರಿಂಟರನ್ನು ಕೊಳ್ಳುವುದೇ ಬಹುಪಾಲು ಕೆಲಸ ಮಾಡುತ್ತದೆ.

ಕಂಪ್ಯೂಟರ್ ಖರೀದಿಗೆ ಇನ್ನೊಂದು ಷರತ್ತು ಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ದೊಡ್ಡ ಪ್ರಮಾಣದ ಬಳಕೆದಾರ ಸಂಸ್ಥೆಗಳು ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವಂತಿಲ್ಲ. ನಿಮ್ಮ ಸಂಘ ಆ ವರ್ಗಕ್ಕೆ ಬರಲಿ, ಬಾರದಿರಲಿ, ಹಳೆಯದನ್ನು ನೋಂದಾಯಿತ ಮರುಬಳಕೆ ಘಟಕಕ್ಕೆ ಒಪ್ಪಿಸಿದ ರಸೀದಿಯನ್ನು ಪೂರೈಕೆದಾರರು ತಂದುಕೊಟ್ಟ ಮೇಲೆಯೇ ಬಿಲ್ಲಿನ ಕೊನೆಯ ಕಂತನ್ನು ಪಾವತಿಸುವುದಾಗಿ ಖರೀದಿ ಆದೇಶದಲ್ಲೇ ನಮೂದಿಸಿ.