ಕೀಮೊಗೆ ಕರಗಿದ್ದ ಗಡ್ಡೆ ಮತ್ತೆ ಬೆಳೆದರೆ ಡೋಸ್ ಏರಿಸಬಹುದೇ?

ನೀವು ಕೇಳಿದ್ದು: ಡೊಂಬಿವಲಿಯ ಚಿಕ್ಕಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಪರೇಲ್‌ನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೋಪ್ಲ್ಯಾಟಿನ್ ಆರು ಸೈಕಲ್ ಮುಗಿದು ನಾಲ್ಕೇ ತಿಂಗಳಿಗೆ ಗಡ್ಡೆ ಮರಳಿದೆ. ಮೈಗೆ ಔಷಧಿ ಒಗ್ಗಿಹೋಯಿತೇ? ಡೋಸ್ ಏರಿಸಿದರೆ ಆಗದೇ?

ಮೈಗೆ ಒಗ್ಗಿಲ್ಲ. ಮೈಯ ಆರೋಗ್ಯವಂತ ಜೀವಕೋಶಗಳಿಗೆ ಆ ಔಷಧಿ ಈಗಲೂ ಅಷ್ಟೇ ವಿಷ. ಒಂದು ಸೆಂಟಿಮೀಟರ್ ಗಡ್ಡೆಯಲ್ಲೇ ಸುಮಾರು ನೂರು ಕೋಟಿ ಕೋಶಗಳಿರುತ್ತವೆ, ಎಲ್ಲವೂ ಒಂದೇ ತರಹ ಇರುವುದಿಲ್ಲ. ಔಷಧಿಗೆ ಜಗ್ಗದ ಕೆಲವು ಮೊದಲ ಡ್ರಿಪ್‌ಗೂ ಮುಂಚೆಯೇ ಅಲ್ಲಿರಬಹುದು. ಚಾಳಿನ ಕೋಣೆಗೆ ತಿಗಣೆ ಮದ್ದು ಹೊಡೆದ ಮೇಲೆ ಉಳಿದವೇ ಸಂತಾನ ಬೆಳೆಸುವ ಹಾಗೆ, ಮರಳಿದ ಗಡ್ಡೆಯಲ್ಲಿ ಅಂಥವೇ ತುಂಬಿರುತ್ತವೆ.

ಗಡ್ಡೆಯ ಕೋಶ ತಪ್ಪಿಸಿಕೊಳ್ಳುವ ದಾರಿ ಒಂದೊಂದು ಔಷಧಿಗೆ ಒಂದೊಂದು. ಪ್ಯಾಕ್ಲಿಟ್ಯಾಕ್ಸೆಲನ್ನು ಹೊರದಬ್ಬುವುದು ಪಿ-ಗ್ಲೈಕೋಪ್ರೋಟೀನ್, 1976ರಲ್ಲಿ ಗುರುತಿಸಿದ, ಕೋಶದ ಪೊರೆಯಲ್ಲಿರುವ ಪಂಪ್. ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟೀನ್ ಎಂಬ ಬೇರೆ ಕೀಮೊ ಔಷಧಿಗಳನ್ನೂ ಅದೇ ದಬ್ಬುತ್ತದೆ. ಆದ್ದರಿಂದ ಹಿಂದೆಂದೂ ಕೊಡದ ಔಷಧಿಗೂ ಗಡ್ಡೆ ಜಗ್ಗದಿರಬಹುದು. ಹಾಗಿದ್ದರೆ ಪಂಪನ್ನೇ ಕಟ್ಟಿಹಾಕಬಾರದೇ? ರಕ್ತದೊತ್ತಡದ ಔಷಧಿ ವೆರಾಪಮಿಲ್‌ನಿಂದ ಶುರುಮಾಡಿ ಅದನ್ನೂ ನೋಡಿದ್ದಾರೆ. ಲ್ಯಾಬಿನಲ್ಲಿ ಗೆದ್ದದ್ದು ರೋಗಿಗಳಲ್ಲಿ ಗೆಲ್ಲಲಿಲ್ಲ. ಒಂದು ಕಾರಣ, ಕರುಳು, ಯಕೃತ್ತು, ಮಿದುಳಿನ ರಕ್ತನಾಳಗಳನ್ನು ಕಾಯುವುದೂ ಅದೇ ಪಂಪ್.

ಕಾರ್ಬೋಪ್ಲ್ಯಾಟಿನ್ ಆ ಪಂಪಿಗೆ ಸಿಗುವುದಿಲ್ಲ. ಅದು ಡಿಎನ್‌ಎಗೆ ಅಂಟಿಕೊಂಡು ಕೊಲ್ಲುವ ಪ್ಲ್ಯಾಟಿನಮ್ ಔಷಧಿ. ಇಲ್ಲಿ ಕೋಶ ಗ್ಲುಟಾಥಯೋನ್ ಎಂಬ ವಿಷ ತಡೆಯುವ ವಸ್ತುವನ್ನು ಹೆಚ್ಚಿಸಿಕೊಂಡು ಔಷಧಿಯನ್ನು ದಾರಿಯಲ್ಲೇ ನಿಷ್ಕ್ರಿಯ ಮಾಡುತ್ತದೆ, ಇಲ್ಲವೇ ಡಿಎನ್‌ಎ ರಿಪೇರಿಯನ್ನು ಚುರುಕುಗೊಳಿಸುತ್ತದೆ. ಈ ರಿಪೇರಿಗೆ ಬೇಕಾದ ಬಿಆರ್‌ಸಿಎ ಜೀನ್ ಕೆಟ್ಟ ಗಡ್ಡೆಗಳು ಪ್ಲ್ಯಾಟಿನಮ್‌ಗೆ ಸಾಮಾನ್ಯವಾಗಿ ಚೆನ್ನಾಗಿ ಕರಗುತ್ತವೆ. ಅದೇ ಜೀನ್‌ನಲ್ಲಿ ಇನ್ನೊಂದು ಮ್ಯುಟೇಷನ್ ಆಗಿ ರಿಪೇರಿ ಮರಳಿತೆಂದರೆ ಇಂಥ ಗಡ್ಡೆಗಳಿಗೆ ಕೊಡುವ ಓಲಾಪರಿಬ್ ಮಾತ್ರೆಯೂ ಕೈಕೊಡುತ್ತದೆ.

ಡೋಸ್ ಏರಿಸುವ ಯೋಚನೆ ಬಿಡಿ. ಕಾರ್ಬೋಪ್ಲ್ಯಾಟಿನ್ ಅಳತೆಯನ್ನು ಕಿಡ್ನಿ ಕೆಲಸ ನೋಡಿ, ಸಾಮಾನ್ಯವಾಗಿ ಎಯುಸಿ (ರಕ್ತದಲ್ಲಿ ಔಷಧಿ ಎಷ್ಟು, ಎಷ್ಟು ಹೊತ್ತು ಇರುತ್ತದೆಂಬ ಅಳತೆ) 5 ಅಥವಾ 6ಕ್ಕೆ, ಲೆಕ್ಕ ಹಾಕುತ್ತಾರೆ. ಅದಕ್ಕೂ ಮೀರಿದರೆ ಗಡ್ಡೆಗಿಂತ ಮೊದಲು ಪ್ಲೇಟ್‌ಲೆಟ್ ಬೀಳುತ್ತದೆ.

ಕೊನೆಯ ಪ್ಲ್ಯಾಟಿನಮ್ ಡೋಸಿನಿಂದ 6 ತಿಂಗಳೊಳಗೆ ಮರಳಿದ್ದನ್ನು ವಾಡಿಕೆಯಲ್ಲಿ ‘ಪ್ಲ್ಯಾಟಿನಮ್ ರೆಸಿಸ್ಟಂಟ್’ ಅನ್ನುತ್ತಾರೆ. ಆಗ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ (ಚದರ ಮೀಟರಿಗೆ 80 ಮಿಲಿಗ್ರಾಂ) ಅಥವಾ 4 ವಾರಕ್ಕೊಮ್ಮೆ ಲೈಪೊಸೋಮಲ್ ಡಾಕ್ಸೊರುಬಿಸಿನ್ ಕೊಡುವುದುಂಟು. ಮೂರು ವಾರಕ್ಕೊಮ್ಮೆ ಕೊಟ್ಟಾಗ ಸೋತ ಪ್ಯಾಕ್ಲಿಟ್ಯಾಕ್ಸೆಲ್ ವಾರವಾರ ಕೊಟ್ಟಾಗ ಕೆಲವರಲ್ಲಿ ಕೆಲಸ ಮಾಡುತ್ತದೆ, ‘ಅದೇ ಔಷಧಿ ಮತ್ತೆ ಯಾಕೆ’ ಎಂದು ಗಾಬರಿಯಾಗಬೇಡಿ. ಜೊತೆಗೆ ಬೆವಾಸಿಜುಮ್ಯಾಬ್ (ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧಿ) ಸೇರಿಸುವ ಮಾತು ಬಂದರೆ, ಹೊಟ್ಟೆಯುಬ್ಬರ, ವಾಂತಿ, ಮಲ ಕಟ್ಟುವುದು ಇದ್ದಲ್ಲಿ ಮೊದಲೇ ಹೇಳಿ. ಆ ಔಷಧಿಯಿಂದ ಕರುಳು ತೂತಾಗುವ ಅಪಾಯವಿದೆ.

ಮುಂದಿನ ಒಪಿಡಿಗೆ ಹೋಗುವಾಗ ಕೊನೆಯ ಕೀಮೊ ತಾರೀಖು, ಸಿಎ-125 (ಈ ಕ್ಯಾನ್ಸರ್ ಗಮನಿಸುವ ರಕ್ತಪರೀಕ್ಷೆ) ವರದಿಗಳೆಲ್ಲ, ಬಿಆರ್‌ಸಿಎ ವರದಿ ಫೈಲಿನಲ್ಲಿರಲಿ. ಬಿಆರ್‌ಸಿಎ ಪರೀಕ್ಷೆ ಆಗಿಲ್ಲದಿದ್ದರೆ ಕೇಳಿ. ಆಪರೇಷನ್‌ನ ಪ್ಯಾರಫಿನ್ ಬ್ಲಾಕ್‌ನಿಂದಲೂ (ಮೇಣದಲ್ಲಿ ಕಾದಿಟ್ಟ ಗಡ್ಡೆಯ ತುಂಡು) ಮಾಡಬಹುದು.