1738ರ ಮ್ಯುಲರ್, ಲ್ಯಾಂಕಾಸ್ಟರ್‌ನ ಮಿಲ್ಲರ್ ಒಬ್ಬನೇನಾ?

ಮೇಡಂ, 1738ರಲ್ಲಿ ಅಮೆರಿಕಕ್ಕೆ ಬಂದ ಜರ್ಮನ್ ವಲಸಿಗರ ಹಡಗು ಪಟ್ಟಿಯ ಯೋಹಾನ್ ಗೇಯೋರ್ಗ್ ಮ್ಯುಲರ್, ಅಲ್ಲಿನ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಜಮೀನು ಮಾಡಿದ ಜಾರ್ಜ್ ಮಿಲ್ಲರ್ ಒಬ್ಬನೇನಾ, ನಿಮ್ಮ ಅಳಿಯನ ಮೂಲಪುರುಷ ಅವನೇನಾ ಅಂತ ಕೇಳಿದ್ದೀರಿ. ಹೆಸರು ಬೇರೆ ಇರುವುದು ತೊಂದರೆಯೇ ಅಲ್ಲ, ಗೇಯೋರ್ಗ್ ಮ್ಯುಲರ್ ಇಂಗ್ಲಿಷಿನಲ್ಲಿ ಜಾರ್ಜ್ ಮಿಲ್ಲರ್ ಆಗುತ್ತದೆ. ಯೋಹಾನ್ ಅನ್ನೋದು ಒಂದೇ ಮನೆಯ ನಾಲ್ಕು ಗಂಡುಮಕ್ಕಳಿಗೂ ಇರುತ್ತಿತ್ತು, ಕರೆಯುತ್ತಿದ್ದುದು ಎರಡನೇ ಹೆಸರಿನಿಂದ. ಆದರೆ ಮ್ಯುಲರ್ ಅಂದರೆ ಹಿಟ್ಟಿನ ಗಿರಣಿಯವನು, ಅಂಥವರು ಊರೂರಿಗೂ ಇದ್ದರು, ಸುಮ್ನೆ ಹೆಸರು ಹೊಂದಿತು ಅಂತ ವಂಶವೃಕ್ಷಕ್ಕೆ ಸೇರಿಸಬೇಡಿ (ಆನ್‌ಲೈನ್‌ನಲ್ಲಿ ಜಾಸ್ತಿ ಗೊಂದಲ ಹುಟ್ಟೋದೇ ಹೀಗೆ).

ಮೊದಲು ಸಹಿ ನೋಡಿ. 1727ರಿಂದ ಪೆನ್ಸಿಲ್ವೇನಿಯಾದ ಬಂದರು ಫಿಲಡೆಲ್ಫಿಯಾದಲ್ಲಿ ಇಳಿದ 16 ವರ್ಷ ದಾಟಿದ ಜರ್ಮನ್ ಗಂಡಸರು ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು, ಬರೆಯಲು ಬರುವವರು ತಾವೇ ಸಹಿ ಹಾಕುತ್ತಿದ್ದರು, ಬಾರದವರ ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಗೀಚುತ್ತಿದ್ದ. ಆ ಪ್ರಮಾಣದ ಪಟ್ಟಿಯಲ್ಲಿರುವ ಮ್ಯುಲರ್‌ನ ಸಹಿಯನ್ನು ಜಾರ್ಜ್‌ನ ಮೂಲ ಉಯಿಲಿನ ಪಕ್ಕ ಇಟ್ಟು ನೋಡಿ. ಉಯಿಲಿನ ನಕಲು ಪುಸ್ತಕ ಬೇಡ, ಅಲ್ಲಿರೋದು ಗುಮಾಸ್ತನ ಕೈಬರಹ ಅಲ್ವಾ.

ಆಮೇಲೆ ಲುಥೆರನ್, ರಿಫಾರ್ಮ್ಡ್ (ಎರಡೂ ಪ್ರಾಟೆಸ್ಟೆಂಟ್ ಪಂಗಡಗಳು) ಚರ್ಚುಗಳ ದೀಕ್ಷಾಸ್ನಾನದ ದಾಖಲೆ ನೋಡಿ. ಮಗುವಿನ ಪರ ನಿಂತವರು ಬಹಳ ಸಲ ನೆಂಟರು, ಇಲ್ಲವೇ ಜರ್ಮನಿಯ ಹಳೇ ಊರಿನವರು. ಅವರ ಊರು ಸಿಕ್ಕರೆ ಅಲ್ಲಿನ ಚರ್ಚ್ ಪುಸ್ತಕದಲ್ಲಿ ನಿಮ್ಮ ಗೇಯೋರ್ಗ್‌ನನ್ನೂ ಹುಡುಕಿ.